ಬಾಂಡ್ಲಿ ಗದೆ, ತಂತಿ ಕವಚ: ಕೊಳ್ಳೇಗಾಲ ಸೀಮೆಯ ಕಲಿಗಳು!

ಮೊದಲು ಒಂದು ಪ್ರಶ್ನೆ. 1975ರ ‘ಮಯೂರ’ ನೋಡಿದ್ದೀರಿ ತಾನೆ? ಟೆಂಟಿನಲ್ಲಿ ನೋಡಿದ್ದರೂ ಸರಿ, ಟಿ.ವಿ.ಯಲ್ಲಿ ನೋಡಿದ್ದರೂ ಸರಿ, ಈಗಿನ ಹುಡುಗರ ಹಾಗೆ ಅಂಗೈಯಗಲದ ಮೊಬೈಲಿನಲ್ಲಿ ನೋಡಿದ್ದರೂ ಸರಿ. ಅಣ್ಣಾವ್ರು ಕತ್ತಿ ಹಿರಿದು ನಿಂತಾಗ ನಿಮ್ಮ ಬಲಗೈ ಸುಮ್ಮನಿತ್ತೇ? ಎದೆ ಮುಟ್ಟಿಕೊಂಡು ಹೇಳಿ! ಮನೆಗೆ ಬಂದು ಹಿತ್ತಲ ಬಾಳೆಗಿಡಕ್ಕೆ ಮಚ್ಚು ಬೀಸಿ, ಅವ್ವನ ಕೈಲಿ ಪೊರಕೆ ಏಟು ತಿನ್ನದ ಗಂಡು ಹುಡುಗ ಮೈಸೂರು ಸೀಮೆಯಲ್ಲಿ ಯಾರಾದರೂ ಇದ್ದರೆ ಅವನಿಗೊಂದು ದೊಡ್ಡ ನಮಸ್ಕಾರ.

ನಾವು ನೀವು ಪೊರಕೆ ಏಟಿಗೇ ಬುದ್ಧಿ ಕಲಿತೆವು. ಕಲಿಯದವರು ಕೆಲವರಿದ್ದಾರೆ. ಮೂವತ್ತು ದಾಟಿದರೂ, ಮದುವೆಯಾಗಿ ಎರಡು ಮಕ್ಕಳಾದರೂ ಅವರಿಗೆ ಕತ್ತಿ, ಗದೆ, ಕವಚದ ಹುಚ್ಚು ಬಿಟ್ಟಿಲ್ಲ. ಹಗಲೆಲ್ಲ ವೆಲ್ಡಿಂಗ್, ಟೈಲರಿಂಗ್, ರೇಷ್ಮೆ ಹುಳುಕ್ಕೆ ಸೊಪ್ಪು ಹಾಕುವುದು. ರಾತ್ರಿ ಎಂಟಾಯಿತೋ, ಅವರು ದ್ವಾಪರಯುಗಕ್ಕೆ ಹೊರಟರು! ಇಂಥವರನ್ನು ಹುಡುಕಿಕೊಂಡು ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಕಡೆ ಒಂದು ತಿಂಗಳು ಬಸ್ಸಿನಲ್ಲಿ ಅಲೆದೆ. ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಇವರಾರೂ ಹೆಸರು ಹಾಕಬೇಡಿ ಎಂದಿದ್ದಾರೆ. ಹೆಸರು ಯಾಕೆ, ಪಾತ್ರದ ಹೆಸರೇ ಸಾಕು.

ಅಣ್ಣಾವ್ರ ಸೀಮೆ ಸ್ವಾಮೀ ಇದು!

ಬೇರೆ ಊರಿನಲ್ಲಿ ಇಲ್ಲದ ಹುಚ್ಚು ಇಲ್ಲೇ ಯಾಕೆ ಎಂದರೆ, ನೀರೇ ಅಂಥದ್ದು ಎನ್ನಬೇಕು. ಮುತ್ತುರಾಜ ಹುಟ್ಟಿದ್ದು 1929ರಲ್ಲಿ, ಗಾಜನೂರಿನಲ್ಲಿ. ಆದರೆ ಅವರ ತಂದೆಯ ಹೆಸರಿನ ಹಿಂದೆ ಅಂಟಿಕೊಂಡಿರುವುದು ಕೊಳ್ಳೇಗಾಲ ಸೀಮೆಯ ಸಿಂಗಾನಲ್ಲೂರು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ರಂಗಕ್ಕೆ ಬಂದರೆ ಹಿರಣ್ಯಕಶಿಪುವೇ ಬಂದ ಎಂದು ಮುಂದಿನ ಸಾಲಿನ ಮಕ್ಕಳು ಅಳುತ್ತಿದ್ದರು ಎನ್ನುವ ಮಾತನ್ನು ಹಳಬರು ಇಂದಿಗೂ ಹೇಳುತ್ತಾರೆ. ಅದೇ ಪಾತ್ರವನ್ನು ಮಗ 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಮಾಡಿದಾಗ, ಹೆಗಲ ಮೇಲೆ ಗದೆ ಇಟ್ಟ ಆ ಗತ್ತು ಎಲ್ಲಿಂದ ಬಂತು ಎಂದು ಕೇಳಬೇಕೆ? ಗುಬ್ಬಿ ಕಂಪನಿಯ ಮಣ್ಣು ಮೆಟ್ಟಿದ ಕಾಲು ಅದು. ರಂಗದ ಮೇಲೆ ಆನೆ, ಕುದುರೆಯನ್ನೇ ತಂದು ‘ಕುರುಕ್ಷೇತ್ರ’ ಆಡಿದ ಕಂಪನಿ!

ಕತ್ತಿ ಸಿನಿಮಾ ಎಂದರೆ ನಮ್ಮಲ್ಲಿ ಹೊಟ್ಟೆಪಾಡಿನ ಕತೆಯೂ ಹೌದು. 1960ರ ‘ರಣಧೀರ ಕಂಠೀರವ’ ತೆಗೆದವರು ದುಡ್ಡಿನ ಕುಳಗಳಲ್ಲ. ಕನ್ನಡದಲ್ಲಿ ಚಿತ್ರಗಳೇ ಕಡಿಮೆಯಾಗಿದ್ದ ಕಾಲ. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ನಾಲ್ವರೂ ಸೇರಿ ಕಲಾವಿದರ ಸಂಘ ಕಟ್ಟಿ ತಾವೇ ತೆಗೆದರು. ಕತ್ತಿ ಹಿಡಿದದ್ದು ಕಂಠೀರವನಾದರೂ, ಗೆಲ್ಲಬೇಕಾಗಿದ್ದದ್ದು ಕನ್ನಡ ಸಿನಿಮಾ. ನಂತರ 1967ರಲ್ಲಿ ‘ಇಮ್ಮಡಿ ಪುಲಿಕೇಶಿ’, 1970ರಲ್ಲಿ ‘ಶ್ರೀಕೃಷ್ಣದೇವರಾಯ’, 1977ರಲ್ಲಿ ‘ಬಬ್ರುವಾಹನ’. ಅಪ್ಪ ಮಗ ಇಬ್ಬರೂ ಬಿಲ್ಲು ಹಿಡಿದು ಎದುರಾಬದುರಾ! ಎರಡು ಪಾತ್ರಕ್ಕೂ ಒಬ್ಬರೇ ಅಣ್ಣಾವ್ರು. ನಂಟರ ಮೇಲೆ ನಂಟರು ಆಯುಧ ಎತ್ತುವ ಕತೆಗೇ ನಮ್ಮ ಜನ ಹೆಚ್ಚು ಶಿಳ್ಳೆ ಹೊಡೆಯುವುದು ಯಾಕೋ! ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಭೀಮನ ವೆಲ್ಡಿಂಗ್ ಶಾಪ್

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ವೆಲ್ಡಿಂಗ್ ಅಂಗಡಿ. ಹೊರಗೆ ಗೇಟು, ಕಿಟಕಿ ಗ್ರಿಲ್ಲು, ಮುರಿದ ನೇಗಿಲು. ಗೋಡೆಯ ಮೇಲೆ ಎರಡು ಫೋಟೋ: ಒಂದು ಅಣ್ಣಾವ್ರದ್ದು, ಇನ್ನೊಂದು ಚಿಕ್ಕಲ್ಲೂರು ಸಿದ್ಧಪ್ಪಾಜಿಯದ್ದು. ಕಬ್ಬಿಣದ ಕೆಲಸದವನ ಅಂಗಡಿಯಲ್ಲಿ ಸಿದ್ಧಪ್ಪಾಜಿ ಇರಬೇಕಾದದ್ದೇ. ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ, ಗುರು ಮಂಟೇಸ್ವಾಮಿ ಶಿಷ್ಯನನ್ನು ಹಲಗೂರಿನ ಪಾಂಚಾಳರ ಹತ್ತಿರ ಕಳಿಸುವುದು ಚಿನ್ನಕ್ಕಲ್ಲ, ಬೆಳ್ಳಿಗಲ್ಲ, ಕಬ್ಬಿಣದ ಭಿಕ್ಷೆಗೆ! ಕೊಡುವುದಿಲ್ಲ ಎಂದವರ ಎದುರು ಸಿದ್ಧಪ್ಪಾಜಿ ಪಟ್ಟ ಪಾಡು, ತೋರಿದ ಪವಾಡ ರಾತ್ರಿಯೆಲ್ಲ ಹಾಡಿದರೂ ಮುಗಿಯದು.

ಅಂಗಡಿಯ ಯಜಮಾನನೇ ನಮ್ಮ ಕತೆಯ ಭೀಮ. ವಯಸ್ಸು ಮೂವತ್ತನಾಲ್ಕು. ಅಂಗೈ ಎಂದರೆ ಮೊರ. ಊರಿನ ‘ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ’ ಎಂಬ ಪೌರಾಣಿಕ ನಾಟಕದಲ್ಲಿ ಮೂರು ಸಲ ಭೀಮನಾಗಿದ್ದಾನೆ.

ಹಳ್ಳಿಯ ಕುರುಕ್ಷೇತ್ರ ಹೇಗೆ ನಡೆಯುತ್ತದೆ ಎಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ, ಬೇರೆ ಕಡೆ ಓದುಗರಿಗೆ ಎರಡು ಮಾತು. ಸುಗ್ಗಿ ಮುಗಿದ ಮೇಲೆ ಊರ ಗಂಡಸರು ಸೇರುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಬರುತ್ತಾರೆ. ಪಾತ್ರಕ್ಕೆ ದುಡ್ಡು ಪಡೆಯುವುದಲ್ಲ, ಕೊಡುವುದು! ದೊಡ್ಡ ಪಾತ್ರಕ್ಕೆ ದೊಡ್ಡ ದುಡ್ಡು. ದುರ್ಯೋಧನನ ಪಾತ್ರ ಎಂದರೆ ಜೇಬು ಗಟ್ಟಿ ಇರಬೇಕು. ಕೃಷ್ಣನಿಗೆ ಆಸೆಪಡುವವರು ಮೂವರಿದ್ದರೆ ಒಂದೇ ರಾತ್ರಿ ಮೂವರು ಕೃಷ್ಣರು ಬಂದು ಹೋಗುತ್ತಾರೆ. ದ್ರೌಪದಿಗೆ, ಉತ್ತರೆಗೆ ಹೊರಗಿನಿಂದ ಕಲಾವಿದೆಯರು. ಪರದೆ, ಕಿರೀಟ, ಭುಜಕೀರ್ತಿ, ಎದೆಕವಚ, ಡಾಬು, ಗದೆ, ಬಿಲ್ಲು ಎಲ್ಲ ಬಾಡಿಗೆಗೆ, ಸೀನರಿಯವರ ಲಾರಿಯಲ್ಲಿ. ರಾತ್ರಿ ಒಂಬತ್ತಕ್ಕೆ ಶುರುವಾದರೆ ದುರ್ಯೋಧನ ಸಾಯುವ ಹೊತ್ತಿಗೆ ಕೋಳಿ ಕೂಗಿರುತ್ತದೆ.

ನಮ್ಮ ಭೀಮನ ತಕರಾರು ಇರುವುದು ಆ ಲಾರಿಯ ಸಾಮಾನಿನ ಮೇಲೆ.

‘‘ಸಾ, ಸೀನರಿಯವ್ರು ಕೊಡ ಗದ ಹಿಡ್ದಿದ್ದಿರಾ? ಎತ್ತಿದ್ರ ಒಣಗಿದ ಸೋರೆಬುರ್ಡ ಎತ್ದಂಗ ಅದ. ಭೀಮ ಅಂದ್ರ ಗದ ಎತ್ತುವಾಗ ಮೂಗ್ನಿಂದ ಉಸ್ರು ಬರ್ಬೇಕು ಸಾ. ಜನ ಆ ಉಸ್ರ ನೋಡ್ತರ.’’

ಮಾತು ಸುಳ್ಳಲ್ಲ. ಹಿಂದೆ ಮೂಡಲಪಾಯದ ಆಟದಲ್ಲಿ ಹಗುರ ಮರ ಕೆತ್ತಿ, ಬಂಗಾರದ ಕಾಗದ, ಕನ್ನಡಿ ಚೂರು ಅಂಟಿಸಿ ಕಿರೀಟ, ಭುಜಕೀರ್ತಿ ಮಾಡುತ್ತಿದ್ದರು. ಅದಕ್ಕೂ ಒಂದು ತೂಕವಿತ್ತು. ಈಗ ಫೈಬರ್, ಥರ್ಮೋಕೋಲ್. ಸಿನಿಮಾದಲ್ಲೂ ಅಷ್ಟೇ ಎಂದು ಹೇಳಿ ನಿಮ್ಮ ಕನಸು ಮುರಿಯಲು ಮನಸ್ಸಿಲ್ಲ. ಆದರೂ ಹೇಳುತ್ತೇನೆ: ಫೈಟಿನಲ್ಲಿ ಹೀರೋ ಕೈಲಿ ಫಳಫಳ ಹೊಳೆಯುವುದು ಹೆಚ್ಚಾಗಿ ಅಲ್ಯೂಮಿನಿಯಂ, ಮರ, ಫೈಬರ್, ಇಲ್ಲವೇ ರಬ್ಬರ್. ‘ಖಣ್’ ಅನ್ನುವ ಸದ್ದು ಸ್ಟುಡಿಯೋದಲ್ಲಿ ಆಮೇಲೆ ಸೇರಿಸಿದ್ದು.

ಭೀಮ ಏನು ಮಾಡಿದ ಗೊತ್ತೆ? ಗಾರೆ ಕೆಲಸದವರು ಸಿಮೆಂಟು ಹೊರುವ ಕಬ್ಬಿಣದ ಬಾಂಡ್ಲಿ ಎರಡು ತಂದ. ಬಾಯಿಗೆ ಬಾಯಿ ಕೂಡಿಸಿ ಬೆಸೆದ. ದುಂಡನೆ ಗದೆಯ ತಲೆ ಸಿದ್ಧ! ಅದಕ್ಕೆ ನೀರಿನ ಪೈಪಿನ ಹಿಡಿ. ಪಟ್ಟಿ ಕಬ್ಬಿಣ ಬಡಿದು ಎಂಟು ದಳ. ತುದಿಗೆ ಎತ್ತಿನ ಕೊಂಬಿನ ಹಿತ್ತಾಳೆ ಕಳಸ. ಗುಜರಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದಾಗ ಏಳು ಕೇಜಿ ಇನ್ನೂರು ಗ್ರಾಂ. ನಾನು ಎತ್ತಿ ನೋಡಿದೆ. ಒಂದು ಸಲ ಎತ್ತಬಹುದು. ಎರಡನೇ ಸಲಕ್ಕೆ ಭುಜ ‘ಸ್ವಲ್ಪ ತಾಳು ತಂದೆ’ ಅನ್ನುತ್ತದೆ.

ಎದೆಕವಚದ ಕೆಲಸ ಇನ್ನೂ ಚೆಂದ. ಹಳೆಯ ಆಯಿಲ್ ಡ್ರಮ್ಮಿನ ತಗಡು ಕತ್ತರಿಸಿ, ಹುಣಸೆ ಕೊರಡಿನಲ್ಲಿ ಬೋಗುಣಿಯಂತೆ ಒಂದು ಹಳ್ಳ ತೋಡಿ, ಅದರ ಮೇಲೆ ತಗಡು ಇಟ್ಟು ದುಂಡು ಮುಖದ ಸುತ್ತಿಗೆಯಲ್ಲಿ ನಡುವಿನಿಂದ ಅಂಚಿಗೆ, ಅಂಚಿನಿಂದ ನಡುವಿಗೆ ಬಡಿಯುತ್ತಾನೆ. ಮೂರು ರಾತ್ರಿ ಬಡಿದರೆ ತಗಡು ಎದೆಯ ಆಕಾರಕ್ಕೆ ಉಬ್ಬುತ್ತದೆ. ಯೂರೋಪಿನ ಕಮ್ಮಾರರು ಐನೂರು ವರ್ಷದ ಹಿಂದೆ ದೊರೆಗಳ ಕವಚ ಬಡಿಯುತ್ತಿದ್ದದ್ದೂ ಹೀಗೇ, ಮರದ ಕೊರಡಿನ ಹಳ್ಳದಲ್ಲೇ ಶುರು. ಅಂಚನ್ನು ಒಳಕ್ಕೆ ಸುರುಳಿ ಸುತ್ತಬೇಕು, ಇಲ್ಲದಿದ್ದರೆ ಸ್ವಂತ ಕವಚವೇ ಸ್ವಂತ ಕತ್ತು ಕೊಯ್ಯುತ್ತದೆ. ಒಳಗೆ ಹಳೆ ಕಂಬಳಿ ಹೊಲಿಸಿದ್ದಾನೆ. ಪಟ್ಟಿಗೆ ಎತ್ತಿನ ಗೆಜ್ಜೆಯ ಚರ್ಮ.

ಒಂದು ಮಾತು, ಮನೆಯಲ್ಲಿ ಪ್ರಯತ್ನ ಮಾಡುವ ತಮ್ಮಂದಿರಿಗೆ. ಮೊದಲ ಕವಚಕ್ಕೆ ಭೀಮ ಬಳಸಿದ್ದು ಸತು ಬಳಿದ ಜಿ.ಐ. ತಗಡು. ಬಾಗಿಲು ಹಾಕಿಕೊಂಡು ರಾತ್ರಿಯೆಲ್ಲ ಬೆಸೆದ. ಬೆಳಗಿನ ಜಾವ ಚಳಿಜ್ವರ, ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ, ಎದೆ ಬಿಗಿತ. ಸತುವಿನ ಹೊಗೆ ಕುಡಿದರೆ ಬರುವ ಜ್ವರ ಅದು. ಹಾಲು ಕುಡಿದರೆ ಹೋಗುತ್ತದೆ ಎಂದು ಶಾಪ್ ಹುಡುಗರು ನಂಬಿದ್ದಾರೆ. ಹಾಲಿಗೂ ಅದಕ್ಕೂ ಸಂಬಂಧವಿಲ್ಲ. ಬಾಗಿಲು ತೆಗೆದು ಗಾಳಿಯಲ್ಲಿ ಕೆಲಸ ಮಾಡಬೇಕು, ಸತು ಬಳಿದ ತಗಡನ್ನು ಬೆಸೆಯಲೇಬಾರದು.

ಯಳಂದೂರಿನ ಬಳೆ ಹುಡುಗ

ಯಳಂದೂರಿನಲ್ಲಿ ಗೌರೀಶ್ವರ ದೇವಾಲಯ ಇದೆ. ಅದರ ಹೆಬ್ಬಾಗಿಲಿಗೆ ಬಳೆ ಮಂಟಪ ಎಂದು ಹೆಸರು. ದೇವಾಲಯ ಹದಿನಾಡಿನ ಪಾಳೆಯಗಾರ ಸಿಂಗದೇಪ ಕಟ್ಟಿಸಿದ್ದು. ಕಲ್ಲಿನಲ್ಲೇ ಬಳೆಗೆ ಬಳೆ ಸಿಕ್ಕಿಸಿ ಸರಪಳಿ ಬಿಡಿಸಿದ್ದಾರೆ, ಅದರಿಂದ ಆ ಹೆಸರು. ಶಿಲ್ಪಿಯ ಕೈಗೆ ಶರಣು ಎನ್ನಬೇಕು. ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವ ಅವಸರದಲ್ಲಿ ಜನ ಇದನ್ನು ನೋಡದೆ ಬಸ್ಸು ಹತ್ತುತ್ತಾರೆ, ಅದೇ ಬೇಜಾರು.

ಈ ಮಂಟಪದ ಕಲ್ಲು ಬಳೆ ನೋಡಿ ನೋಡಿಯೇ ತಲೆಕೆಟ್ಟವನು ನಮ್ಮ ಎರಡನೇ ನಾಯಕ. ಇಪ್ಪತ್ತೊಂದು ವರ್ಷದ ಹುಡುಗ, ತಾಯಿ ಟೈಲರ್. ಬೇಲಿಗೆ ಕಟ್ಟುವ ತಂತಿ ತಂದು, ಬೆರಳು ಗಾತ್ರದ ಸಲಾಕೆಗೆ ಸ್ಪ್ರಿಂಗಿನ ಹಾಗೆ ಸುತ್ತಿ, ಉದ್ದಕ್ಕೆ ಕತ್ತರಿಸಿ ಸಣ್ಣ ಸಣ್ಣ ಬಳೆ ಮಾಡುತ್ತಾನೆ. ಇಕ್ಕಳ ಎರಡು ಹಿಡಿದು ಬಳೆಗೆ ಬಳೆ ಸಿಕ್ಕಿಸುತ್ತಾನೆ.

‘‘ಅಣ್ಣ, ಒಂದ್ ಬಳ ನಾಕ್ ಬಳಗ ಸಿಕ್ಬೇಕು. ಒಂದ್ ತಪ್ಪಿದ್ರ ಸಾಲೆಲ್ಲ ಸೊಟ್ಟ ಹೋಯ್ತದ.’’

ಇದೇ ಬಳೆಗವಚ. ಇಂಗ್ಲೆಂಡಿನಿಂದ ಬಿಜಾಪುರದವರೆಗೆ ಸಾವಿರಾರು ಸೈನಿಕರು ತೊಟ್ಟದ್ದು. ಅಸಲಿ ಕವಚದಲ್ಲಿ ಹೆಚ್ಚಾಗಿ ಬಳೆಯ ಬಾಯಿಗೆ ಸೂಜಿಮೊನೆಯಷ್ಟು ರಿವೆಟ್ ಹೊಡೆಯುತ್ತಿದ್ದರು. ಹುಡುಗನದು ಬಾಯಿ ಒತ್ತಿ ಮುಚ್ಚಿದ್ದು, ಅಷ್ಟೇ ವ್ಯತ್ಯಾಸ. ಅವನ ಲೆಕ್ಕದ ಪ್ರಕಾರ ಹನ್ನೊಂದು ಸಾವಿರ ಬಳೆ, ಹದಿನಾಲ್ಕು ತಿಂಗಳು. ತೊಟ್ಟುಕೊಂಡು ನೋಡಿದೆ. ಹೆಗಲ ಮೇಲೆ ಇಬ್ಬರು ಮಕ್ಕಳು ಕೂತ ಹಾಗೆ! ಸೊಂಟಕ್ಕೆ ಬೆಲ್ಟು ಬಿಗಿದ ತಕ್ಷಣ ಅರ್ಧ ಭಾರ ಸೊಂಟಕ್ಕೆ ಇಳಿಯಿತು. ಈ ಗುಟ್ಟು ಹುಡುಗ ತಾನೇ ಕಂಡುಕೊಂಡದ್ದಂತೆ.

ಆದರೆ ಏಪ್ರಿಲ್ ಬಿಸಿಲಿನಲ್ಲಿ ಹತ್ತು ನಿಮಿಷ ಅದನ್ನು ತೊಟ್ಟು ನಿಂತರೆ ಯಾವ ಶತ್ರುವೂ ಬೇಕಾಗಿಲ್ಲ. ಹಾಗಾದರೆ ನಮ್ಮ ಪೂರ್ವಿಕರು ಏನು ತೊಡುತ್ತಿದ್ದರು? ಊರ ಬಾಗಿಲಿನ ವೀರಗಲ್ಲು ನೋಡಿ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಆ ವೀರನ ಮೈಮೇಲೆ ಕಚ್ಚೆ, ಕೈಲಿ ಗಿಡ್ಡ ಕತ್ತಿ ಇಲ್ಲವೇ ಬಿಲ್ಲು, ಅಷ್ಟೇ. ಎದೆ ಬರಿದು! ಇನ್ನು ವಿಜಯನಗರದ ದಂಡಿನ ವಿಚಾರ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಮಹಾನವಮಿಯ ದಂಡು ನೋಡಿ ಬರೆದಿದ್ದಾನೆ: ಪದರ ಪದರವಾಗಿ ಹೊಲಿದ ದಪ್ಪ ಅಂಗಿ, ಅದರೊಳಗೆ ಹಸಿ ಚರ್ಮ, ಕೆಲವಕ್ಕೆ ಕಬ್ಬಿಣದ ತಗಡು.

ಇದನ್ನು ನಾನು ಹೇಳುತ್ತಿದ್ದಂತೆ ಹೊಲಿಗೆ ಮಿಷನ್ನಿನ ಹಿಂದಿನಿಂದ ತಾಯಿ ತಲೆ ಎತ್ತಿದರು.

‘‘ಅಂದ್ರ ಕೌದಿ ಅಲ್ವರಪ್ಪಾ?’’

ಹೌದು ತಾಯಿ, ಕೌದಿಯೇ! ಹನ್ನೊಂದು ಸಾವಿರ ಬಳೆ ನೋಡಿ ಹದಿನಾಲ್ಕು ತಿಂಗಳು ‘ಕೂಳಿಗೆ ದಂಡ’ ಎಂದು ಬೈದ ಆ ತಾಯಿ, ಹತ್ತೇ ದಿನದಲ್ಲಿ ಹಳೆ ಸೀರೆ, ಹತ್ತಿ ಸೇರಿಸಿ ಹನ್ನೆರಡು ಪದರದ ಅಂಗಿ ಹೊಲಿದು ಕೊಟ್ಟರು. ಹುಡುಗ ಅದನ್ನು ತೊಟ್ಟು ಬಾಗಿಲಲ್ಲಿ ನಿಂತ. ಕೋಲಿನಲ್ಲಿ ನಾಲ್ಕು ಬಾರಿಸಿದೆವು, ನಕ್ಕ. ಹಾಗಂತ ತಂತಿ ಕವಚ ಬಿಟ್ಟನೇ? ಇಲ್ಲ. ಕೌದಿಯ ಮೇಲೆ ಅದನ್ನು ತೊಟ್ಟ! ಯೂರೋಪಿನ ಸೈನಿಕರೂ ಬಳೆಗವಚದ ಒಳಗೆ ಇಂಥದ್ದೇ ದಪ್ಪ ಅಂಗಿ ತೊಡುತ್ತಿದ್ದರು. ಬಳೆ ಕತ್ತಿಯ ಅಲಗನ್ನು ತಡೆಯುತ್ತದೆ, ಏಟಿನ ಪೆಟ್ಟನ್ನು ಹತ್ತಿ ಕುಡಿಯುತ್ತದೆ.

ಹನೂರಿನ ಗುರು

ಮೂರನೆಯವರು ಹನೂರಿನವರು. ವಯಸ್ಸು ಎಪ್ಪತ್ತರ ಆಸುಪಾಸು, ಬೆನ್ನು ಮಾತ್ರ ಬಿಲ್ಲಿನ ದಾರ. ಮಾದಪ್ಪನ ಒಕ್ಕಲು. ಎಳೆ ವಯಸ್ಸಿನಲ್ಲಿ ಬೀಸು ಕಂಸಾಳೆ, ಆಮೇಲೆ ದೊಣ್ಣೆ ವರಸೆ. ಮಲೆ ಮಹದೇಶ್ವರನ ಗುಡ್ಡರ ಬೀಸು ಕಂಸಾಳೆ ನೋಡಿದವರಿಗೆ ಗೊತ್ತು, ಅದು ಬರೀ ಕುಣಿತ ಅಲ್ಲ. ದಾರದ ತುದಿಯ ಕಂಚಿನ ತಾಳ ತಲೆಯ ಸುತ್ತ, ಬೆನ್ನ ಹಿಂದೆ, ಪಕ್ಕದವನ ಕಿವಿಯ ಪಕ್ಕ ಹಾರಿ ಬಂದು ಮತ್ತೆ ಅಂಗೈಯ ಬಟ್ಟಲಿಗೇ ಬೀಳಬೇಕು. ಒಂದು ಬೆರಳು ತಪ್ಪಿದರೆ ಜೊತೆಗಾರನ ಹಲ್ಲು ಹೋಗುತ್ತದೆ.

ಆಯುಧ ಹಿಡಿದು ಆಡುವ ಎಲ್ಲ ಕಡೆಯೂ ಇದೇ ಗುಟ್ಟು. ಅಮೆರಿಕದ ಬರ್ಕ್ಲಿ ಎಂಬ ಊರಿನಲ್ಲಿ 1966ರ ಮೇ ತಿಂಗಳಲ್ಲಿ ಕೆಲವು ಗೆಳೆಯರು ಹಿತ್ತಲಲ್ಲಿ ಸೇರಿ ಹಳೆಗಾಲದ ವೀರರ ಹಾಗೆ ವೇಷ ತೊಟ್ಟು ಕಾದಾಡಿದರು. ಅದೇ ಸಂಘ ಬೆಳೆದು ಇಂದು ಹಲವು ದೇಶಗಳಲ್ಲಿ ಹಬ್ಬಿದೆ. ಕಬ್ಬಿಣದ ಕವಚ ಅಸಲಿ, ಕತ್ತಿ ಮಾತ್ರ ಬೆತ್ತದ್ದು! ಮೈಸೂರಿನಲ್ಲಿ ವಿಜಯದಶಮಿಯ ದಿನ ಅರಮನೆಯಂಗಳದಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದಲ್ಲ, ನಮ್ಮ ಚಾಮರಾಜನಗರದ ಜಟ್ಟಿಗಳೂ ಅಲ್ಲಿ ಇಳಿಯುತ್ತಾರೆ. ಬೋಳಿಸಿದ ತಲೆಯ ಮೇಲೆ ಮೊದಲ ಹನಿ ರಕ್ತ ಕಂಡಿತೋ, ಮುಗಿಯಿತು. ಎಲ್ಲಿ ನಿಲ್ಲಬೇಕು ಎನ್ನುವುದು ಮೊದಲೇ ಗೊತ್ತಿರುತ್ತದೆ.

ಕಾನೂನೂ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗಿನ ನಿಯಮಗಳಲ್ಲಿ ಕತ್ತಿ, ಭರ್ಜಿ, ಕಠಾರಿ ಎಲ್ಲ ಆಯುಧದ ಪಟ್ಟಿಗೇ ಸೇರಿವೆ. ಸರ್ಕಾರ ಅಧಿಸೂಚನೆ ಹೊರಡಿಸಿದ ಕಡೆ ಪರವಾನಗಿ ಬೇಕು. ಆದ್ದರಿಂದ ಈ ಮೂವರ ಹತ್ತಿರವೂ ಹರಿತವಾದ ಅಲಗು ಒಂದೂ ಇಲ್ಲ. ಗುರುಗಳು ಇಟ್ಟುಕೊಳ್ಳಲೂ ಬಿಡುವುದಿಲ್ಲ.

‘‘ಏಟು ಹೊಡ್ಯದ ಯಾವನ್ ಬೇಕಾದ್ರೂ ಕಲ್ತಾನು ಕನಪ್ಪ. ಹೊಡ್ದ ಏಟ ನಿಲ್ಸದ ಕಲೀಬೇಕು. ಅದ್ಕ ಎರಡ್ ವರ್ಸ ಬೇಕು.’’

ದಾಯಾದಿಗಳು

ಈಗ ನಿಜವಾದ ಕತೆಗೆ ಬರುತ್ತೇನೆ.

ಈ ಸಲದ ಕುರುಕ್ಷೇತ್ರದಲ್ಲಿ ದುರ್ಯೋಧನನ ಪಾತ್ರ ಹಿಡಿದವನು ಯಾರು ಗೊತ್ತೆ? ಭೀಮನ ದೊಡ್ಡಪ್ಪನ ಮಗ! ಸ್ವಂತ ದಾಯಾದಿ. ಇಬ್ಬರ ಹೊಲದ ನಡುವೆ ಒಂದು ಬದು, ಬದುವಿನ ಪಕ್ಕ ಒಂದು ಬೋರ್‌ವೆಲ್. ಅದರ ಪಾಲಿಗಾಗಿ ಮೂರು ವರ್ಷದಿಂದ ಕೊಳ್ಳೇಗಾಲದ ಕೋರ್ಟಿನಲ್ಲಿ ಕೇಸು. ಮೂರು ವರ್ಷದಿಂದ ಮಾತಿಲ್ಲ. ಹೆಂಡತಿಯರು ನಲ್ಲಿಯ ಹತ್ತಿರ ಒಬ್ಬರನ್ನೊಬ್ಬರು ಕಂಡರೆ ಬಿಂದಿಗೆ ಕುಕ್ಕುತ್ತಾರೆ. ಅಣ್ಣ ದುಡ್ಡಿರುವವನು. ಎಲ್ಲರಿಗಿಂತ ಹೆಚ್ಚು ಕೊಟ್ಟು ದುರ್ಯೋಧನನ ಪಾತ್ರ ಹಿಡಿದ. 2019ರ ‘ಕುರುಕ್ಷೇತ್ರ’ ಸಿನಿಮಾ ಬಂದ ಮೇಲೆ ಈ ಪಾತ್ರಕ್ಕೆ ಬೇಡಿಕೆ ಮೊದಲಿಗಿಂತ ಜಾಸ್ತಿಯೇ. ತಮ್ಮ ಭೀಮನ ಪಾತ್ರ ಬಿಡಲಾರೆ ಎಂದ.

ಮೇಷ್ಟ್ರು ತಲೆ ಕೆರೆದುಕೊಂಡರು. ಊರವರು ಬಾಯಿ ಚಪ್ಪರಿಸಿದರು. ಅಷ್ಟರಲ್ಲಿ ಬಾಂಡ್ಲಿ ಗದೆಯ ಸುದ್ದಿ ಹಬ್ಬಿತು. ಏಳು ಕೇಜಿ ಕಬ್ಬಿಣ! ಕೊನೆಯ ದೃಶ್ಯದಲ್ಲಿ ಭೀಮ ದುರ್ಯೋಧನನ ತೊಡೆ ಮುರಿಯಬೇಕು. ನಾಟಕವೋ, ಕೇಸಿನ ತೀರ್ಪೋ? ಟೀ ಅಂಗಡಿಯಲ್ಲಿ ಪಂದ್ಯ ಕಟ್ಟಿದವರೂ ಇದ್ದರು ಎಂದರೆ ನಮ್ಮ ಜನ ಎಂಥವರು ನೋಡಿ.

ದುರ್ಯೋಧನನನ್ನು ಕೇಳಿದೆ. ಮೀಸೆ ತಿರುವಿದ.

‘‘ಪಾತ್ರಕ್ಕ ದುಡ್ಡು ಕಟ್ಟಿವ್ನಿ ಸಾ. ಹೆದ್ರಿ ಓಡಾಕಲ್ಲ. ಅವ್ನು ಕಬ್ಣನಾರ ತರ್ಲಿ, ಕಲ್ಲಾರ ತರ್ಲಿ.’’

ಆಗ ಮೇಷ್ಟ್ರು ಹನೂರಿನ ಗುರುಗಳನ್ನು ಕರೆಸಿದರು. ಗುರುಗಳು ಬಂದವರೇ ಯಾರಿಗೂ ಬುದ್ಧಿ ಹೇಳಲಿಲ್ಲ. ಒಂದು ಗೂಟ ನೆಟ್ಟು ಅದರ ಮೇಲೆ ಹಳೆಯ ಮಣ್ಣಿನ ಮಡಕೆ ಬೋರಲು ಹಾಕಿಸಿದರು. ಗದೆಯ ತಲೆಗೆ ಕುಂಕುಮ ಕಲಸಿ ಬಳಿದರು. ‘‘ಬೀಸು. ಜೋರಾಗೇ ಬೀಸು. ಮಡಕ ಮ್ಯಾಲ ಕುಂಕುಮ ಹತ್ಬೇಕು, ಮಡಕ ಒಡೀಬಾರ್ದು.’’

ಭೀಮ ನಾಲ್ಕು ಮಡಕೆ ಒಡೆದ. ಐದನೆಯದೂ ಒಡೆಯಿತು. ಏಳು ಕೇಜಿಯ ತಲೆ ಮೂರಡಿ ಹಿಡಿಯ ತುದಿಯಲ್ಲಿ ಒಮ್ಮೆ ಓಟ ಹಿಡಿದರೆ ಮಣಿಕಟ್ಟು ಹಿಡಿದು ನಿಲ್ಲಿಸಲಾರದು, ಬ್ರಹ್ಮ ಬಂದರೂ ಸಾಧ್ಯವಿಲ್ಲ. ಹಳೆಯ ಕಾಲದ ಯೋಧರಿಗೂ ಇದು ಗೊತ್ತಿತ್ತು. ಯೂರೋಪಿನ ಎರಡು ಕೈ ಹಿಡಿಯುವ ಉದ್ದನೆ ಕತ್ತಿಯೂ ಒಂದೂವರೆ ಕೇಜಿ ಆಸುಪಾಸಿನದು, ಸಿನಿಮಾದಲ್ಲಿ ತೋರಿಸುವ ಹಾಗೆ ಮಣಭಾರದ್ದಲ್ಲ.

ಗುರುಗಳು ಐದು ಮಡಕೆಯ ಚೂರು ಒಟ್ಟುಮಾಡಿ ಭೀಮನ ಅಂಗೈಗೆ ಹಾಕಿದರು. ‘‘ಇದು ನಿಮ್ಮಣ್ಣನ ತೊಡ ಮೂಳ’’ ಅಂದರು. ಅಷ್ಟೇ. ಹೋಗಿ ನೀರು ಕುಡಿದರು.

ಮರುವಾರ ಭೀಮನ ಅಂಗಡಿಯಲ್ಲಿ ಇನ್ನೊಂದು ಗದೆ ಇತ್ತು. ಎರಡು ಅಲ್ಯೂಮಿನಿಯಂ ಡಬರಿ ಕೂಡಿಸಿದ್ದು, ಒಳಗೆ ಟೊಳ್ಳು, ಮೇಲೆ ಸೈಕಲ್ ಟ್ಯೂಬಿನ ಪದರ, ಅದರ ಮೇಲೆ ಬಂಗಾರದ ಬಣ್ಣ. ಇದರಲ್ಲಿ ಮಡಕೆ ಒಡೆಯಲಿಲ್ಲ. ಹನ್ನೆರಡು ದಿನ, ದಿನಕ್ಕೆ ನೂರು ಬೀಸು. ಬಾಂಡ್ಲಿ ಗದೆ ಪ್ರವ��ಶಕ್ಕೆ ಮಾತ್ರ ಎಂದು ತೀರ್ಮಾನವಾಯಿತು.

ಅದೇ ಅಂಗಡಿಯ ಮೂಲೆಯಲ್ಲಿ ಗೋಣಿಚೀಲದ ಕೆಳಗೆ ಇನ್ನೂ ಒಂದು ಸಾಮಾನು ಕಂಡೆ. ಡ್ರಮ್ಮಿನ ತಗಡಿನದೇ, ಆದರೆ ಎದೆಯದಲ್ಲ. ಉದ್ದಕ್ಕೆ, ಅರ್ಧ ಚಂದ್ರದ ಹಾಗೆ ಬಗ್ಗಿಸಿ, ಒಳಗೆ ಹೊಸ ಕಂಬಳಿ ಹೊಲಿದದ್ದು. ತೊಡೆಕವಚ! ಭೀಮನಿಗೆ ಯಾಕೆ ತೊಡೆಕವಚ? ಕೇಳಿದೆ. ‘‘ಮಿಕ್ಕ ತಗಡು ಸಾ, ವೇಸ್ಟ್ ಆಯ್ತದಲ್ಲ ಅಂತ’’ ಎಂದು ಬೆನ್ನು ತಿರುಗಿಸಿ ವೆಲ್ಡಿಂಗ್ ಶುರು ಮಾಡಿದ. ಆ ಬೆಳಕಿನ ಮುಂದೆ ಯಾರೂ ಮುಖ ನೋಡಿ ಮಾತಾಡಲಾರರಲ್ಲ!

ಕಿಕ್ಕಿರಿದ ಕಣ

ಆ ರಾತ್ರಿ ಊರ ಮಾರಿಗುಡಿ ಬಯಲು ಚಾಪೆ, ಗೋಣಿ, ಕುರ್ಚಿಯಿಂದ ತುಂಬಿತ್ತು. ಸುತ್ತ ಹನ್ನೆರಡು ಹಳ್ಳಿಯ ಜನ. ಫ್ಲೆಕ್ಸಿನಲ್ಲಿ ಐವತ್ತು ಮುಖ. ಯಳಂದೂರಿನ ಹುಡುಗನೂ ಬಂದಿದ್ದ. ಅವನ ತಂತಿ ಕವಚ ಅಭಿಮನ್ಯುವಿನ ಮೈಮೇಲೆ. ಚಕ್ರವ್ಯೂಹದಲ್ಲಿ ಅಭಿಮನ್ಯು ತಿರುಗಿದಾಗಲೆಲ್ಲ ಹನ್ನೊಂದು ಸಾವಿರ ಬಳೆ ಲೈಟಿಗೆ ಮೀನಿನ ಹೊಟ್ಟೆಯಂತೆ ಹೊಳೆದವು. ಹೆಂಗಸರು ಅಯ್ಯೋ ಎಂದರು. ತಾಯಿ ಬಂದಿರಲಿಲ್ಲ. ಹೊಲಿಗೆ ಅರ್ಜೆಂಟ್ ಇತ್ತಂತೆ.

ಬಣ್ಣದ ಮನೆಯಲ್ಲಿ ಗುರುಗಳು ತೊಡೆಕವಚವನ್ನು ತಂದು ದುರ್ಯೋಧನನ ಮುಂದೆ ಇಟ್ಟರು. ‘‘ಇದ್ಯಾರ್ ಮಾಡುದ್ದು?’’ ‘‘ಯಾರೋ ಮಾಡುದ್ರು. ಕಟ್ಕೊ.’’ ಆತ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಬೆಸುಗೆ ಗುರುತು ಹಿಡಿಯುವುದು ಕಷ್ಟವೇ? ಇಬ್ಬರೂ ಒಂದೇ ಮನೆಯಲ್ಲಿ ಬೆಳೆದವರು. ಏನೂ ಹೇಳದೆ ವೀರಗಚ್ಚೆಯ ಒಳಗೆ ಕಟ್ಟಿಕೊಂಡ.

ಬೆಳಗಿನ ನಾಲ್ಕೂವರೆ. ಭೀಮನ ಪ್ರವೇಶ ಬಾಂಡ್ಲಿ ಗದೆಯೊಂದಿಗೆ. ಮೂಗಿನ ಉಸಿರು ಮೈಕಿಗೇ ಕೇಳಿಸಿತು! ಶಿಳ್ಳೆಯೋ ಶಿಳ್ಳೆ. ಪದ್ಯ ಮುಗಿಸಿ, ಪಕ್ಕಕ್ಕೆ ಸರಿದು ಗದೆ ಬದಲಿಸಿಕೊಂಡು ಬಂದ. ಜನಕ್ಕೆ ಕಂಡೇ ಬಿಟ್ಟಿತು. ಹಿಂದಿನಿಂದ ಯಾರೋ ಕೂಗಿದರು: ‘‘ಕಬ್ಣದ್ದು ಹಿಡಿಯೋ! ಕಬ್ಣದ್ದು!’’ ಒಬ್ಬರು ಹತ್ತಾದರು, ಹತ್ತು ನೂರಾಯಿತು. ಹಾರ್ಮೋನಿಯಂ ನಿಂತಿತು.

ದುರ್ಯೋಧನ ತೊಡೆ ತಟ್ಟಿದ. ಪುಸ್ತಕದಲ್ಲಿ ಇಲ್ಲದ ಮಾತು ಅವನ ಬಾಯಿಂದ ಬಂತು. ‘‘ಎಲವೋ ಭೀಮಾ! ಪ್ರಜೆಗಳು ಕೇಳುತ್ತಿರುವರು. ಧೈರ್ಯವಿದ್ದರೆ ನಿನ್ನ ಉಕ್ಕಿನ ಗದೆಯನ್ನೇ ಹಿಡಿದು ಬಾ!’’

ಬಯಲು ಗಪ್ ಚುಪ್. ಗುರುಗಳು ಪರದೆಯ ಪಕ್ಕ ಬಾಂಡ್ಲಿ ಗದೆಯ ಮೇಲೆ ಕಾಲಿಟ್ಟು ನಿಂತಿದ್ದರು. ನಾನು ಪೆನ್ನು ಜೇಬಿಗೆ ಹಾಕಿದೆ.

ಭೀಮ ಪರದೆಯ ಕಡೆ ನೋಡಿದ. ಜನರ ಕಡೆ ನೋಡಿದ. ಆಮೇಲೆ ಅಲ್ಯೂಮಿನಿಯಂ ಗದೆಯನ್ನು ಹೆಗಲಿಗೇರಿಸಿ ಗಂಟಲು ಬಿಚ್ಚಿದ.

‘‘ಅಣ್ಣಾ ಸುಯೋಧನಾ! ನಿನಗೆ ಇದೇ ಸಾಕು!’’

ಆಹಾ! ಟೋಪಿ, ಟವೆಲು, ಪೇಪರು ಎಲ್ಲ ಆಕಾಶಕ್ಕೆ. ಅವಮಾನ ಮಾಡಿದ ಅಂತ ಜನ ತಿಳಿದರು. ಮೂರು ವರ್ಷದ ಮೇಲೆ ಅವನ ಬಾಯಲ್ಲಿ ‘ಅಣ್ಣಾ’ ಬಂದದ್ದನ್ನು ಗಮನಿಸಿದವರು ಎಷ್ಟು ಜನವೋ. ದುರ್ಯೋಧನ ಮಾತ್ರ ಒಂದು ಕ್ಷಣ ತನ್ನ ಪದ್ಯ ಮರೆತ. ಮೇಷ್ಟ್ರು ಎರಡು ಸಲ ಸ್ವರ ಕೊಡಬೇಕಾಯಿತು.

ಕಾಳಗ ಅರ್ಧ ಗಂಟೆ. ತಬಲದ ಲೆಕ್ಕಕ್ಕೆ ಮೇಲೆ ಎರಡು, ಕೆಳಗೆ ಎರಡು, ತಿರುಗಿ ಒಂದು. ಕೃಷ್ಣ, ಅಂದರೆ ಆ ರಾತ್ರಿಯ ಮೂರನೇ ಕೃಷ್ಣ, ತೊಡೆ ತಟ್ಟಿ ಸನ್ನೆ ಮಾಡಿದ. ಭೀಮ ಬೀಸಿದ. ಪೂರ್ತಿ ಬೀಸಿದ, ಕಳ್ಳಾಟ ಇಲ್ಲ. ‘ಠಣ್!’ ಸದ್ದು ಮಾರಿಗುಡಿ ಗೋಡೆಗೆ ಬಡಿದು ವಾಪಸ್ ಬಂತು. ಪಕ್ಕದಲ್ಲಿ ಕೂತಿದ್ದ ಅಜ್ಜ ‘‘ಸಿನಿಮಾದಂಗೇ ಸೌಂಡ್ ಹಾಕವ್ರಲ್ಲ’’ ಎಂದು ಮೆಚ್ಚಿಕೊಂಡ. ದುರ್ಯೋಧನ ಬಿದ್ದ. ಬಿದ್ದವನು ಸಾಯುವ ಪದ್ಯವನ್ನು ಪೂರ್ತಿ, ಎರಡು ಸಲ ‘ಒನ್ಸ್ ಮೋರ್’ ಹಾಡಿದ. ಕಾಲು ಮುರಿದವನು ಅಷ್ಟು ಚೆನ್ನಾಗಿ ಹಾಡಲಾರ. ನನಗೆ ಧೈರ್ಯ ಬಂತು.

ಬೆಳಕು ಹರಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಎಲ್ಲರೂ ಬಣ್ಣ ಒರೆಸಿಕೊಳ್ಳುತ್ತಿದ್ದರು. ಸೀನರಿಯವನು ಪುಸ್ತಕ ಹಿಡಿದು ಕಿರೀಟ, ಭುಜಕೀರ್ತಿ ಎಣಿಸುತ್ತಿದ್ದ. ಒಂದು ತೋಳಬಂದಿ ಕಡಿಮೆ ಬಂತೆಂದು ಜಗಳ. ತೊಡೆಕವಚ ಅವನ ಪಟ್ಟಿಯಲ್ಲಿ ಇರಲಿಲ್ಲ. ಅದರ ನಡುವೆ ಬಟ್ಟಲಿನಷ್ಟು ಒಂದು ತಗ್ಗು ಬಿದ್ದಿತ್ತು. ದುರ್ಯೋಧನ ಅದನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋದ. ಭೀಮ ನೋಡಿದ, ಕೇಳಲಿಲ್ಲ.

ಕೇಸು ವಾಪಸ್ ತೆಗೆದುಕೊಂಡರೇ ಎಂದು ನೀವು ಕೇಳುತ್ತೀರಿ. ಇಲ್ಲ ಸ್ವಾಮೀ, ಬೋರ್‌ವೆಲ್ ನೀರಿನ ಕೇಸು ಒಂದು ಪದ್ಯಕ್ಕೆ ಮುಗಿಯುವುದಿಲ್ಲ. ಈ ಬರಹ ಅಚ್ಚಿಗೆ ಕಳಿಸುವ ಹೊತ್ತಿಗೆ ಇನ್ನೊಂದು ವಾಯಿದೆ ಬಿದ್ದಿದೆ. ಊರಿನಿಂದ ಕೊಳ್ಳೇಗಾಲಕ್ಕೆ ಬೆಳಿಗ್ಗೆ ಇರುವುದು ಒಂದೇ ಬಸ್ಸು. ಹೋದ ವಾಯಿದೆಗೆ ಇಬ್ಬರೂ ಅದರಲ್ಲೇ ಹೋದರಂತೆ, ಒಬ್ಬ ಮುಂದೆ, ಒಬ್ಬ ಹಿಂದೆ. ಇಳಿಯುವಾಗ ಅಣ್ಣ ಕಂಡಕ್ಟರನ ಕೈಲಿ ಹೇಳಿ ಕಳಿಸಿದನಂತೆ: ‘‘ಆ ತಗಡಿನ ಬಲಗಡೆ ಪಟ್ಟಿ ಬಿಗಿ ಆಯ್ತದ. ಒಂದ್ ತೂತು ಜಾಸ್ತಿ ಹೊಡೀಬೇಕು ಅಂತ ಹೇಳಪ್ಪ ಅವ್ನ್ಗ.’’